ಸೊನ್ನಿ ತುದಿ

ಟೇಪಿಗೆ ಎರಡು ತುದಿ.
ಅಂಕಿ ಓದೂದು ಹೊಂಬಳ ಸಾಹೇಬ್ರ ಕಡೆ,
ಸೊನ್ನಿ ನನ್ನ ಕಡೆ.
ಹದಿನೇಳು ವರ್ಷದ ವಾಲೀಕಾರಕಿಯೊಳಗ
ನನಗ ಬಂದ ಅಧಿಕಾರ ಇಷ್ಟ:
ಗ್ವಾಡಿ ಮೂಲಿಗೆ ಸೊನ್ನಿ ಒತ್ತಿ ಹಿಡಿಯೂದು,
"ಹಿಡದೀನ್ರೀ" ಅನ್ನೂದು.

ನವಿಲುತೀರ್ಥದ ಗೇಟು ತಗದ ಮೂರನೇ ದಿನ
ಬೆಣ್ಣಿಹಳ್ಳಕ್ಕ ಮಲಪ್ರಭಾ ಬಾಗಿಲಾ ತಗೀಲಿಲ್ಲ.
ಹೊಸ್ತಿಲಾಗ ನಿಂತು ನಿಂತು ಸಿಟ್ಟಾದ ಬೀಗರಂಗ
ಹಳ್ಳ ತಿರುಗಿ ನಮ್ಮೂರಿಗೆ ಬಂತು,
ನಾಕು ರಾತ್ರಿ ಉಳೀತು.

ಈಗ ನೀರು ಹೋಗೇತಿ, ಎರಿ ಕೆಸರು ಉಳದೈತಿ.
ಯಾರದೋ ಬಣವಿ ಬೇವಿನ ಗಿಡದ ಕೊಂಬಿನ್ಯಾಗ.
ಸಾಲಿ ಗ್ವಾಡಿಗೆ ಹನ್ನೆರಡರ ಮಗ್ಗಿ ಬರಸಿದ್ರು,
ಹನ್ನೆರಡಾರ್ಲೆ ತನಕ ಐತಿ,
ಕೆಳಗಿಂದು ಹಳ್ಳ ಓದಿ ಮುಗಿಸೇತಿ.

ಮುಕ್ಕಾಲು ಬಿದ್ದಿದ್ರ ಎ.
ಕಾಲು ದಾಟಿದ್ರ ಬಿ.
ಅದಕ್ಕೂ ಕಮ್ಮಿ ಇದ್ರ ಸಿ.
"ಬಿದ್ದಿಲ್ಲ, ಆದ್ರ ಬೀಳ್ತೈತಿ" ಅನ್ನೂದಕ್ಕ
ಮೊಬೈಲಿನ್ಯಾಗ ಜಾಗ ಇಲ್ಲ.
ಮಣ್ಣಿನ ಗ್ವಾಡಿ ನೀರಾಗ ಬೀಳೂದಿಲ್ಲ, ಬಿಸಲಾಗ ಬೀಳ್ತೈತಿ,
ಮ್ಯಾಳಿಗಿ ಮನ್ಯಾಗ ಹುಟ್ಟಿದ ಕೂಸಿಗೂ ಇದು ಗೊತ್ತು.
ಸೋಮವಾರ ಸಿ ಬರಸಿದ ಗ್ವಾಡಿ
ಗುರುವಾರ ಮಧ್ಯಾಹ್ನ, ಯಾರೂ ಮುಟ್ಟದ,
ನಿದ್ದಿ ಬಂದವರಂಗ ಕುಂತಬಿಡ್ತು.
ಫೋಟೋದಾಗ ಇನ್ನೂ ನಿಂತೈತಿ.

ತುಳಜಾಸಾ ಬಾಕಳೆ ಮನಿ ಕಲ್ಲಿಂದು, ಒಂದು ಬಿರುಕಿಲ್ಲ.
ಒಳಗ ಮಗ್ಗದ ಕುಣಿ ಬಾವಿ ಆಗೇತಿ,
ಕಾಲಿಟ್ಟು ತುಳಿಯೂ ಜಾಗದಾಗ ಕಪ್ಪಿ.
ಎಂಟು ಸೀರಿ ಹಾಸು ನೀರುಂಡು ನಾರತೈತಿ.
"ಮನಿ ಸಾಬೂತ್ ಐತಲ್ಲಪಾ" ಅಂದ್ರು ತಲಾಟಿ ಬಾಯಾರು.
"ಮನಿ ಐತ್ರೀ. ಹಾಸು ಹೋತು.
ಬರೇ ಹೊಕ್ಕು ಹಿಡಕೊಂಡು ಏನು ನೇಯಲಿ?"
ಸಾಹೇಬ್ರು ಸುಮ್ಮನ ನಿಂತ್ರು,
ಆಮ್ಯಾಲೆ "ಕುಣಿ ಹಿಡಿ ಯಮನೂರಿ" ಅಂದ್ರು.
ಯಾವ ಕಾಲಮ್ಮಿಗೂ ಅಲ್ಲ.
ಮೂರಡಿ ಎರಡು ಇಂಚು.
ತುಳಜಾಸಾ ಆ ಅಂಕಿ ಎರಡು ಸಲ ಬಾಯಾಗ ಅಂದ,
ಹೋದವರ ಹೆಸರು ಅಂದಂಗ.

ಒಂದು ಮಾತು ಯಾರಿಗೂ ಹೇಳಿಲ್ಲ.
ಹ್ವಾದ ಸಲದ ನೆರಿಯಾಗ ಟೇಪಿನ ತುದಿ ಹರೀತು,
ಕೊಂಡಿ ಸೈತ ಆರು ಇಂಚು.
ತಂತಿ ಸುತ್ತಿ ಬ್ಯಾರೆ ಕೊಂಡಿ ನಾನ ಕಟ್ಟೀನಿ.
ಅಂದ್ರ ನನ್ನ ಸೊನ್ನಿ ಸೊನ್ನಿ ಅಲ್ಲ, ಆರು.
ಒಂದೊಂದು ಮನ್ಯಾಗೂ ಅರ್ಧ ಅಡಿ
ಹಳ್ಳ ಕೆಡವಿದ್ದಲ್ಲ, ನಾ ಕೆಡವಿದ್ದು.

ಫಕೀರವ್ವ ತಳವಾರಳ ಒಂದ ಅಂಕಣದ ಮನಿ
ಖರೇ ಅಳತಿಗೆ ನೂರಕ್ಕ ಇಪ್ಪತ್ನಾಲ್ಕು.
ಸಾಹೇಬ್ರು ಓದಿದ್ದು ಇಪ್ಪತ್ತಾರು. ಬಿ ಒತ್ತಿದ್ರು.
"ಕುಳ್ಳು ತೊಯ್ದಾವು, ಮನಿಗೆ ಬಂದವರಿಗೆ
ಗುಟುಕು ಚಾ ಸುದ್ದಾ ಇಲ್ದಂಗಾತು" ಅಂತ
ಅಕಿ ಮಾರಿ ಕೆಳಗ ಹಾಕಿದ್ಲು.
ನಾನೂ ಹಾಕಿದೆ, ನನ್ನ ಕಾರಣ ಬ್ಯಾರೆ.

ರಾತ್ರಿ ಸಾಲಿ ಕಟ್ಟಿಮ್ಯಾಲ ನಿದ್ದಿ ಹತ್ತೂದಿಲ್ಲ.
ನೂರಾ ಹನ್ನೊಂದು ಮನಿ, ಅರ್ಧರ್ಧ ಅಡಿ,
ಐವತ್ತೈದೂವರೆ ಅಡಿ ಸುಳ್ಳ ಗ್ವಾಡಿ.
ಅಷ್ಟರಾಗ ಒಂದು ಮನಿ ಕಟ್ಟಬಹುದು.
ಬಾಗಿಲಾ ಯಾವ ದಿಕ್ಕಿಗೆ ಇಡೂದು ಅಂತ
ಬೆಳಗಾಗೂ ತನಕ ವಿಚಾರ ಮಾಡೀನಿ.

ಇವತ್ತು ಸಂಜಿಗೆ ಸಾಹೇಬ್ರು ಟೇಪು ತಾವ ಸುತ್ತಿದ್ರು,
ಕರವಸ್ತ್ರದಾಗ ಕೆಸರು ಒರಸಕೋತ.
ತಂತಿ ಇದ್ದಲ್ಲೆ ಹೆಬ್ಬೆರಳು ನಿಂತತು.
ನಾ ಜೀಪಿನ ಗಾಲಿ ನೋಡಿದೆ.
"ರೋಣದ ಆಫೀಸಿಗೆ ಹೊಸಾ ಟೇಪು ಬಂದಾವು, ಗೊತ್ತೈತಿ?"
"ಹೌದ್ರಿ."
"ಚೊಕ್ಕ ಅದಾವು. ಈ ಕೆಸರಾಗ ಹಾಳಾಗ್ತಾವು.
ನಾಳೆ ಇದನ್ನ ತಾ."

ಜೀಪು ಅಗಸಿ ದಾಟೂದಕ್ಕ
ತಳವಾರ ಓಣಿ ಕಡೆ ಧಪ್ಪಂತ ಸಪ್ಪಳಾತು.
ಯಾರದೋ ನೋಡಬೇಕು.
ನಿನ್ನೆ ಸಿ ಅಂತ ಬರದದ್ದಿರಬೇಕು.